ಅಟ್ಟದ ಕೆಳಗಿನ ಗುಂಯ್ ಸದ್ದು

"ಅದ್ನ ಒಂದು ಗಳಿಗೆ ನಿಲ್ಸವ್ವ, ಕಾಯಿ ಕೇಳ್ಬೇಕು."

ನಮ್ಮ ಮಾವ ಪಡಸಾಲೆಯಿಂದ ಹೀಗೆ ಕೂಗಿದರೆ ನಾನು ಕೋಣೆಯಲ್ಲಿ ಕಂಪ್ಯೂಟರು ಆರಿಸಬೇಕು. ಅದನ್ನು ಆರಿಸುವುದೆಂದರೆ ಲೈಟು ಆರಿಸಿದಷ್ಟು ಸುಲಭವೇ? ಅರ್ಧ ಮಾಡಿದ ಲಗ್ನಪತ್ರಿಕೆಯನ್ನು ಸೇವ್ ಮಾಡಿ, ತೆರೆದಿದ್ದನ್ನೆಲ್ಲ ಮುಚ್ಚಿ, ಅದು ತನ್ನ ಪಾಡಿಗೆ ಯೋಚನೆ ಮಾಡಿಕೊಂಡು ಮಲಗುವವರೆಗೆ ಕಾಯಬೇಕು. ಅಷ್ಟರಲ್ಲಿ ಮಾವ ಇನ್ನೊಂದು ಸಲ ಕೂಗಿರುತ್ತಿದ್ದರು. ಅವರು ಕಾಯಿ ಕೇಳಿ ಮುಗಿಸಿದ ಮೇಲೆ ಮತ್ತೆ ಹಾಕಿದರೆ ಅದು ಏಳುವುದಕ್ಕೆ ಒಂದು ಕಾಫಿ ಕುಡಿಯುವಷ್ಟು ಹೊತ್ತು. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಬಾಯಿ ಬಿಡುತ್ತಿರಲಿಲ್ಲ ಅಷ್ಟೆ, ಕೀಲಿಗಳನ್ನು ಜೋರಾಗಿ ಕುಟ್ಟುತ್ತಿದ್ದೆ.

ಕಾಯಿ ಕೇಳುವುದೆಂದರೇನು ಎಂದು ತಿಪಟೂರು ಕಡೆಯವರಿಗೆ ಹೇಳಬೇಕಿಲ್ಲ, ಉಳಿದವರಿಗೆ ಹೇಳಬೇಕು. ನಮ್ಮಲ್ಲಿ ಕೊಬ್ಬರಿಗಾಗಿ ಹಸಿ ಕಾಯಿ ಒಡೆದು ಬಿಸಿಲಿಗೆ ಹಾಕುವುದಿಲ್ಲ. ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ಹೆಚ್ಚುಕಡಿಮೆ ಒಂದು ವರ್ಷ ಅದರ ಪಾಡಿಗೆ ಬಿಟ್ಟುಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗುತ್ತದೆ, ತಿರುಳು ಒಣಗಿ ಚಿಪ್ಪಿನಿಂದ ಬಿಟ್ಟುಕೊಂಡು ಇಡೀ ಉಂಡೆಯಾಗಿ ನಿಲ್ಲುತ್ತದೆ. ಆಗ ಕಾಯಿ ಅಲ್ಲಾಡಿಸಿದರೆ ಒಳಗೆ ಲೊಟಲೊಟ ಎನ್ನುತ್ತದೆ. ನೀರಿದ್ದರೆ ಗುಳುಗುಳು. ಇವೆರಡೂ ಯಾರಿಗಾದರೂ ತಿಳಿಯುತ್ತವೆ, ಕಷ್ಟವಿರುವುದು ನಡುವಿನದರಲ್ಲಿ. ನೀರು ಹೋಗಿರುತ್ತದೆ, ಉಂಡೆಯೂ ಬಿಟ್ಟುಕೊಂಡಂತೆ ಇರುತ್ತದೆ, ಆದರೆ ಒಂದು ಮಗ್ಗುಲು ಇನ್ನೂ ಹಸಿ. ಅವಸರಪಟ್ಟು ಅಂಥದ್ದನ್ನು ಇಳಿಸಿ, ಸುಲಿದು, ಚಿಪ್ಪು ತೆಗೆದರೆ ಕೊಬ್ಬರಿ ಬೂಷ್ಟು ಹಿಡಿಯುತ್ತದೆ. ಒಂದು ಮನೆಯ ವರ್ಷದ ಬಾಳು ಕೆಟ್ಟಿತೆಂದೇ ಲೆಕ್ಕ.

ಆ ನಡುವಿನದನ್ನು ಕೇಳಿ ಹೇಳುವವರು ನಮ್ಮ ಮಾವ. ಹೊನ್ನವಳ್ಳಿ ಕಡೆಯಿಂದ, ಆಚೆ ತುರುವೇಕೆರೆ ತಾಲ್ಲೂಕಿನ ದಬ್ಬೇಘಟ್ಟ, ದಂಡಿನಶಿವರದಿಂದ ಕೂಡ ಜನ ಬರುತ್ತಿದ್ದರು. ಕೆಲವರು ಚೀಲದಲ್ಲಿ ನಾಲ್ಕು ಕಾಯಿ ಹಾಕಿಕೊಂಡು ಬಸ್ಸಿನಲ್ಲಿ ಬರುವರು, ಕೆಲವರು ಮಾವನನ್ನೇ ಬೈಕಿನ ಹಿಂದೆ ಕೂರಿಸಿಕೊಂಡು ಹೋಗುವರು. ಮಾವ ಅಟ್ಟದ ಬೇರೆ ಬೇರೆ ಮೂಲೆಯಿಂದ ಕಾಯಿ ತೆಗೆಸಿ, ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಅಲ್ಲಾಡಿಸುವರು. ಆಮೇಲೆ "ಇಳ್ಸು" ಅನ್ನುವರು, ಇಲ್ಲವೇ "ಇನ್ನೊಂದಷ್ಟು ದಿನ ಬುಡು" ಅನ್ನುವರು. ಇದಕ್ಕೆ ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಹೋದ ಕಡೆ ಜಗುಲಿಯ ಮೇಲೆ ಕೂರಿಸಿ ಕಾಫಿ ಕೊಡುತ್ತಿದ್ದರಲ್ಲ, ಊರಿನ ದೊಡ್ಡ ಕುಳಗಳೂ ಎದ್ದು ನಿಂತು ಮಾತಾಡಿಸುತ್ತಿದ್ದರಲ್ಲ, ಅವರಿಗೆ ಅದೇ ಬೇಕಾಗಿದ್ದದ್ದು. ಬೇರೆ ಯಾವ ಹೆಚ್ಚುಗಾರಿಕೆಯೂ ಇಲ್ಲದ ಮನುಷ್ಯ. ಇದೊಂದು ಇತ್ತು.

ಇಂಥ ಮನೆಗೆ ನಾನು ಕಂಪ್ಯೂಟರು ತಂದೆ. ಮದುವೆಗೆ ಮುಂಚೆ ತಿಪಟೂರಿನಲ್ಲಿ ಡಿಟಿಪಿ ಕಲಿತಿದ್ದೆ. ಕಲಿತ ಕೈ ಸುಮ್ಮನೆ ಕೂರುತ್ತದೆಯೇ? ನಾನು ಕಲಿತಿದ್ದ ಸೆಂಟರು ಬಾಗಿಲು ಹಾಕುವಾಗ ಅಲ್ಲಿನ ಹಳೇ ಕಂಪ್ಯೂಟರುಗಳನ್ನು ಸಿಕ್ಕಿದ ರೇಟಿಗೆ ಕೊಟ್ಟರು. ನನ್ನ ಗಂಡನ ಹತ್ತಿರ ಹಟ ಮಾಡಿ ಒಂದನ್ನು ಅವರ ಗೂಡ್ಸ್ ಆಟೋದಲ್ಲಿ ಹಾಕಿಸಿಕೊಂಡು ಬಂದೆ. ಅವರು ದಿನಾ ಕೊಬ್ಬರಿ ಚೀಲ ತುಂಬಿಕೊಂಡು ತಿಪಟೂರಿನ ಮಂಡಿಗೆ ಹೋಗಿಬರುವವರು. ಬೆಳಗ್ಗೆ ನಾನು ಫ್ಲಾಪಿ ಕೊಟ್ಟರೆ ಪ್ರೆಸ್ಸಿಗೆ ಮುಟ್ಟಿಸುವರು, ಸಂಜೆ ಹೊಸ ಕೆಲಸ ತರುವರು. ಲಗ್ನಪತ್ರಿಕೆ, ಗೃಹಪ್ರವೇಶ, ತಿಥಿಯ ಕಾರ್ಡು, ಶಾಲೆಯ ಪ್ರಶ್ನೆಪತ್ರಿಕೆ. ನನ್ನ ಕೈಗೆ ನಾಲ್ಕು ಕಾಸು ಬರುತ್ತಿತ್ತು ಅನ್ನುವುದಕ್ಕಿಂತ, ಸುತ್ತಮುತ್ತ ಯಾರ ಮನೆಯಲ್ಲಿ ಯಾರ ಮದುವೆ ಎಂದು ಊರಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು. ಆ ಖುಷಿಯೇ ಬೇರೆ.

ಆದರೆ ಅದರ ಸದ್ದು! ಅಯ್ಯೋ ದೇವರೇ, ಏನು ಹೇಳಲಿ. ಸ್ವಿಚ್ಚು ಒತ್ತಿದ ಕೂಡಲೇ ಒಂದು ಸಲ ಗರ್‍ರ್ ಎಂದು ಕೆಮ್ಮುವುದು, ಆಮೇಲೆ ಗುಂಯ್ ಎಂದು ಶುರುವಾದರೆ ಆರಿಸುವ ತನಕ ಒಂದೇ ಸಮ. ನಡುನಡುವೆ ಹಾರ್ಡ್ ಡಿಸ್ಕು ಹಲ್ಲು ಕಡಿಯುವುದು. ತಗಡಿನ ಡಬ್ಬ ಮೇಜಿನ ಮೇಲೆ ಕುಳಿತು ನಡುಗಿದರೆ ಮೇಜೂ ನಡುಗುವುದು, ಮೇಜಿನ ಮೇಲಿನ ಲೋಟ ಟಣಟಣ ಎನ್ನುವುದು. ಕೋಣೆಗೂ ಪಡಸಾಲೆಗೂ ನಡುವೆ ಬಾಗಿಲಿರಲಿಲ್ಲ, ಒಂದು ಪರದೆ ಅಷ್ಟೆ. ಎರಡಕ್ಕೂ ಸೇರಿ ಮೇಲೆ ಅಟ್ಟ. "ಅದೇನವ್ವ ಅದು, ರಾಗಿ ಮಿಲ್ಲು ತಂದು ಮಡಿಕಂಡಂಗೈತೆ" ಎಂದು ಅತ್ತೆ ಮೊದಲ ದಿನವೇ ಹೇಳಿದ್ದರು. ಅತ್ತೆಯ ನಾಲಿಗೆ ಮೊದಲಿಂದಲೂ ಚುರುಕು.

ಕೋಣೆ ಬದಲಾಯಿಸಬಹುದಿತ್ತಲ್ಲ ಎನ್ನುತ್ತೀರಿ. ಅಡಿಗೆಮನೆಯಲ್ಲಿ ಹೊಗೆ, ಹಿಂದಿನ ಕೊಟ್ಟಿಗೆಯಲ್ಲಿ ಎಮ್ಮೆ. ಇದ್ದ ಒಂದು ಒಳ್ಳೆಯ ಪ್ಲಗ್ಗು ಆ ಕೋಣೆಯಲ್ಲೇ ಇತ್ತು.

ಮೊದಮೊದಲು ಇದು ಮನೆಯೊಳಗಿನ ಕಿರಿಕಿರಿ ಮಾತ್ರ ಆಗಿತ್ತು. ಅದು ಊರಿನ ಮಾತಾದದ್ದು ದಬ್ಬೇಘಟ್ಟದ ಆ ಮನೆಯ ಅಟ್ಟದಿಂದ. ಮಾವ ಅಲ್ಲಿಗೆ ಹೋಗಿ ಕಾಯಿ ಕೇಳಿ "ಇಳ್ಸು" ಅಂದಿದ್ದರು. ಅವರು ಇಳಿಸಿದರು, ಆಳು ಇಟ್ಟು ಸುಲಿಸಿದರು, ಚಿಪ್ಪು ತೆಗೆಸಿದರು. ನೋಡಿದರೆ ಅರ್ಧಕ್ಕರ್ಧ ಹಸಿ. ಮಾವನ ಮಾತು ಹಾಗೆ ಸುಳ್ಳಾದದ್ದು ಅದೇ ಮೊದಲು. ಆ ಮನೆಯ ಯಜಮಾನರು ಜಗಳಕ್ಕೆ ಬರಲಿಲ್ಲ. ಬಂದು ಜಗುಲಿಯ ಮೇಲೆ ಕೂತು, "ಯಾಕಣ್ಣ ಹಿಂಗಾಯ್ತು? ನಿನ್ ಮಾತ್ಗೆ ಎರಡಿಲ್ಲ ಅಂತ ಇಳಿಸ್ದೆ ಕಣಣ್ಣ" ಎಂದು ಮೆತ್ತಗೆ ಕೇಳಿದರು. ಬೈದಿದ್ದರೇ ವಾಸಿಯಿತ್ತು. ಮಾವನ ಮುಖ ಸುಟ್ಟುಹೋದಂತಾಯಿತು.

"ಏನ್ ಮಾಡ್ಲಪ್ಪ, ನನ್ ಸೊಸೆ ಒಂದು ಮಿಷಿನ್ನು ತಂದವ್ಳೆ. ಬೆಳಗಾನಿಂದ ಬೈಗಿನ್ ಗಂಟ ಗುಂಯ್ ಅಂತದೆ. ಆ ಸದ್ದು ಕಿವೀಲೇ ಕುಂತ್ಬುಟ್ಟೈತೆ. ನಿಮ್ಮನೆಗೆ ಬಂದ್ರೂ ಬುಡ್ಲಿಲ್ಲ" ಎಂದರು ಮಾವ.

ಪರದೆಯ ಹಿಂದೆ ನಿಂತು ಕೇಳಿಸಿಕೊಂಡೆ. ನನ್ನ ಮೇಲೆ ಹಾಕಿಬಿಟ್ಟರಲ್ಲ ಎಂಬ ಸಿಟ್ಟು ಒಂದು ಕಡೆ, ನಿಜವಾಗಿಯೂ ನನ್ನಿಂದಲೇ ಆ ಕಿವಿ ಕೆಟ್ಟರೆ ಎಂಬ ಹೆದರಿಕೆ ಇನ್ನೊಂದು ಕಡೆ. ಆ ವಾರವೇ ಡೇರಿಯ ಹತ್ತಿರ ಹೆಂಗಸರು ನನ್ನನ್ನು ನೋಡಿ ಮಾತು ನಿಲ್ಲಿಸಿದರು. "ಒಬ್ಬ ಮನುಷ್ಯನ ಕಿವಿ ಕಳ್ದ್ಬುಟ್ಲು ಕಣೇ" ಎಂದು ಒಬ್ಬಳು ಅಂದದ್ದು ನನಗೆ ಕೇಳಲಿ ಅಂತಲೇ ಅಂದದ್ದು. ಆ ಡಬ್ಬವನ್ನು ಮನೆಯಿಂದ ಕಳಿಸಿಬಿಡು ಎಂದು ಅತ್ತೆ ಹೇಳಿದರು. ಮಾವ ಮಾತ್ರ ಹಾಗೆ ಹೇಳಲಿಲ್ಲ. "ಕಳ್ಸಾದು ಬ್ಯಾಡ, ಸದ್ದು ಕಮ್ಮಿ ಮಾಡವ್ವ ಸಾಕು" ಎಂದರು.

ಸರಿ, ಕಮ್ಮಿ ಮಾಡುತ್ತೇನೆ ಎಂದು ಸೆರಗು ಸಿಕ್ಕಿಸಿ ನಿಂತೆ. ನಾನು ಸುಮ್ಮನೆ ಕೂರುವ ಪೈಕಿಯಲ್ಲ. ತಿಪಟೂರಿನ ರಿಪೇರಿ ಅಂಗಡಿಯವನು "ಹೊಸದು ತಗೊಳ್ಳಿ ಮೇಡಂ" ಎಂದ. ಅವನಿಗೇನು, ಹೇಳುತ್ತಾನೆ. ಹೊಸದು ತಗೊಳ್ಳುವ ಹಾಗಿದ್ದರೆ ಇದನ್ನು ಯಾಕೆ ಹೊತ್ತುಕೊಂಡು ಬರುತ್ತಿದ್ದೆ?

ಮೊದಲು ಡಬ್ಬ ಬಿಚ್ಚಿದೆ. ಒಳಗೆ ನೋಡಿದರೆ ತೆಂಗಿನ ನಾರಿನ ಧೂಳು! ಪಕ್ಕದ ತೋಟದಲ್ಲಿ ಕಾಯಿ ಸುಲಿಯುವಾಗ ಏಳುವ ಧೂಳೆಲ್ಲ ಇದರ ಹೊಟ್ಟೆಗೆ ಸೇರಿ, ಫ್ಯಾನಿನ ರೆಕ್ಕೆಗೆ ಕಂಬಳಿ ಹೊದಿಸಿದಂತೆ ಮೆತ್ತಿಕೊಂಡಿತ್ತು. ಹಳೇ ಬ್ರಷ್ಷಿನಲ್ಲಿ ಉಜ್ಜಿ ತೆಗೆದೆ. ಸ್ವಲ್ಪ ಇಳಿಯಿತು. ಆಮೇಲೆ ಅತ್ತೆಯ ಸವೆದ ಹವಾಯಿ ಚಪ್ಪಲಿಯನ್ನು ಬ್ಲೇಡಿನಲ್ಲಿ ಕುಯ್ದು ದುಂಡಗೆ ಬಿಲ್ಲೆ ಮಾಡಿ, ಒಂದೊಂದು ಸ್ಕ್ರೂವಿನ ಕೆಳಗೂ ಇಟ್ಟು ಬಿಗಿದೆ. ಸೈಕಲ್ ಟ್ಯೂಬು ಸೀಳಿ ಹಾರ್ಡ್ ಡಿಸ್ಕನ್ನು ಅದರಲ್ಲಿ ಜೋಲಿ ಕಟ್ಟಿದೆ. ಡಬ್ಬದ ಕೆಳಗೆ ನಾರಿನ ಚಾಪೆ ಮಡಿಸಿ ಹಾಸಿದೆ. ಮೇಜಿನ ನಡುಕ ನಿಂತಿತು, ಲೋಟ ಸುಮ್ಮನಾಯಿತು. "ನನ್ ಚಪ್ಲಿ ಎಲ್ಲವ್ವ?" ಎಂದು ಅತ್ತೆ ಮಾತ್ರ ವಾರವೆಲ್ಲ ಹುಡುಕಿದರು.

"ಈಗ ಹೆಂಗೈತೆ ಮಾವ?" ಎಂದು ಕೇಳಿದೆ.

ಮಾವ ಕಿವಿಯ ಹಿಂದೆ ಕೈ ಹಿಡಿದು, "ಐತಲ್ಲವ್ವ, ಗುಂಯ್ ಅಂತಾನೇ ಐತಲ್ಲ" ಎಂದರು.

ಗೋಣಿಚೀಲ ಸುತ್ತಿದೆ. ಮಡಿಸಿ ಮಡಿಸಿ ಸುತ್ತಿ, ಮುಂದಿನ ಸ್ವಿಚ್ಚಿಗೆ ಮಾತ್ರ ಕಿಂಡಿ ಬಿಟ್ಟೆ. ಸದ್ದು ನಿಜಕ್ಕೂ ಅಡಗಿತು. ನಾನು ಹಿಗ್ಗಿದ್ದೇ ಹಿಗ್ಗಿದ್ದು. ಹೊನ್ನವಳ್ಳಿಯವರದೊಂದು ಲಗ್ನಪತ್ರಿಕೆ ಅವಸರದ್ದಿತ್ತು, ಗಂಡಿನ ಕಡೆಯವರ ಹೆಸರುಗಳೆಲ್ಲ ಮುಗಿದು ಹೆಣ್ಣಿನ ಕಡೆಗೆ ಬಂದಿದ್ದೆ, ಕಂಪ್ಯೂಟರು ಟಪ್ ಎಂದು ಆರಿತು. ಮುಟ್ಟಿ ನೋಡಿದರೆ ಹೆಂಚಿನಷ್ಟು ಕಾವು. ಗೋಣಿಯಿಂದ ಕಮರು ವಾಸನೆ. ಮನೆಗೆ ಬೆಂಕಿ ಹತ್ತಲಿಲ್ಲ, ಪುಣ್ಯ. ಗೋಣಿ ಕಿತ್ತು ಅಂಗಳಕ್ಕೆ ಎಸೆದು, ಆ ಡಬ್ಬದ ಮುಂದೆ ಕೂತು ಅತ್ತೆ ನೋಡದ ಹಾಗೆ ಅತ್ತುಬಿಟ್ಟೆ. ಹೆಸರುಗಳನ್ನೆಲ್ಲ ಮತ್ತೆ ಹೊಡೆಯಬೇಕಾಯಿತು.

ನಾನು ಆಗ ಕೂತಲ್ಲಿ ಕೂರುತ್ತಿರಲಿಲ್ಲ, ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಅನ್ನ ಬಸಿಯುವಾಗಲೂ ಕಿವಿ ಕೋಣೆಯ ಕಡೆಗೇ. ಬಸ್ಸಿನಲ್ಲಿ ಹೋದರೆ ಬಸ್ಸಿನ ಇಂಜಿನ್ನು ಯಾಕೆ ಹೀಗೆ ನಡುಗುತ್ತದೆ, ಇದಕ್ಕೆ ಎಲ್ಲಿ ರಬ್ಬರು ಕೊಡಬೇಕು ಎಂದು ಯೋಚಿಸುತ್ತಿದ್ದೆ. "ಲೇ, ನಿಂಗೆ ತಲೆ ಕೆಟ್ಟೈತೆ ಕಣೇ" ಎಂದು ನನ್ನ ಗಂಡ ನಗುತ್ತಿದ್ದರು. "ನಿಮ್ಮಪ್ಪನ ಕಿವಿ ಹೋದ್ರೆ ಊರು ನನ್ನ ಉಗಿಯುತ್ತೆ ಕಣ್ರೀ, ನಿಮ್ಮನ್ನಲ್ಲ" ಎಂದು ನಾನು ರೇಗಿದರೆ ಅವರು ನಗು ನಿಲ್ಲಿಸಿ ಹೊರಗೆ ಹೋಗಿ ಆಟೋ ಒರೆಸುತ್ತಿದ್ದರು.

ಎಣ್ಣೆ ಬಿಡು ಎಂದು ಹೇಳಿಕೊಟ್ಟವರು ಅತ್ತೆ. ಅವರ ಪ್ರಕಾರ ಬಾಗಿಲು ಕಿರುಗುಟ್ಟಿದರೂ ಕೊಬ್ಬರಿ ಎಣ್ಣೆ, ಮಂಡಿ ಹಿಡಿದರೂ ಕೊಬ್ಬರಿ ಎಣ್ಣೆ, ಮಗು ಅತ್ತರೂ ಕೊಬ್ಬರಿ ಎಣ್ಣೆ. ಮಿಷಿನ್ ಎಣ್ಣೆ ತರಲು ಪೇಟೆಗೆ ಯಾರು ಹೋಗುತ್ತಾರೆ? ನಮ್ಮ ಗಾಣದ ಎಣ್ಣೆಯೇ ಮನೆಯಲ್ಲಿತ್ತು. ಫ್ಯಾನಿನ ನಡುವೆ ಅಂಟಿಸಿದ್ದ ಕಾಗದ ಕಿತ್ತರೆ ಕೆಳಗೆ ಒಂದು ಗುಂಡಿ. ಕಡ್ಡಿಯ ತುದಿಯಿಂದ ಒಂದು ತೊಟ್ಟು ಬಿಟ್ಟೆ, ಎರಡು ತೊಟ್ಟು ಬಿಟ್ಟೆ. ಮುಚ್ಚಿ ಸ್ವಿಚ್ಚು ಒತ್ತಿದರೆ, ಆಹಾ! ಬರೀ ಗಾಳಿಯ ಸುಂಯ್. ಅತ್ತೆಯನ್ನು ಕೈ ಹಿಡಿದು ಎಳೆದುಕೊಂಡು ಬಂದೆ. "ನೋಡ್ದಾ? ನಾನು ಹೇಳ್ನಿಲ್ವಾ?" ಎಂದು ಅತ್ತೆ ನನಗಿಂತ ಹೆಚ್ಚು ಬೀಗಿದರು. ಊರಿನಲ್ಲೆಲ್ಲ ತಮ್ಮ ಎಣ್ಣೆಯ ಮಹಿಮೆ ಹೇಳಿಕೊಂಡು ಬಂದರು.

ಮಾವ ಎರಡು ದಿನ ಏನೂ ಹೇಳಲಿಲ್ಲ. ಮೂರನೆಯ ದಿನ ಕಾಯಿ ಹಿಡಿದು ಕೂತವರು, "ವಸಿ ಕಮ್ಮಿ ಆಗೈತೆ ಅನ್ನು. ಆದ್ರೂ ಐತೆ" ಎಂದರು. ಆದರೂ 'ವಸಿ ಕಮ್ಮಿ' ಅಂದರಲ್ಲ ಎಂದು ಸಮಾಧಾನ ತಂದುಕೊಂಡೆ.

ಚಳಿ ಬಿದ್ದದ್ದೇ ಅತ್ತೆಯದೂ ನನ್ನದೂ ಬುದ್ಧಿವಂತಿಕೆ ಬಯಲಾಯಿತು. ಬೆಳಗ್ಗೆ ಎದ್ದು ಸ್ವಿಚ್ಚು ಒತ್ತಿದರೆ ಫ್ಯಾನು ಅಲುಗಲಿಲ್ಲ. ಕರ್ ಕರ್ ಎಂದು ನರಳಿತು ಅಷ್ಟೆ. ಏನಾಯಿತೋ ಎಂದು ಹೆದರಿ ಬಿಚ್ಚಿದರೆ, ಗುಂಡಿಯೊಳಗೆ ಎಣ್ಣೆ ಬೆಳ್ಳಗೆ ಬೆಣ್ಣೆಯ ಹಾಗೆ ಹೆಪ್ಪುಗಟ್ಟಿ ಕೂತಿದೆ! ಅಲ್ಲ, ಹುಟ್ಟಿದಾಗಿನಿಂದ ಪ್ರತಿ ಚಳಿಗಾಲದಲ್ಲೂ ಎಣ್ಣೆ ಬಾಟಲಿಯನ್ನು ಬಿಸಿಲಿಗಿಟ್ಟು ಕರಗಿಸಿ ತಲೆಗೆ ಹಚ್ಚಿಕೊಂಡವಳು ನಾನು. ಅದೇ ಎಣ್ಣೆಯನ್ನು ಫ್ಯಾನಿಗೆ ಬಿಡುವಾಗ ಹೊಳೆಯಲಿಲ್ಲವಲ್ಲ! ತೆಂಗಿನ ನಾಡಿನವರಿಗಲ್ಲದೆ ಇಂಥ ದಡ್ಡತನ ಇನ್ನು ಯಾರಿಗೆ ಬರುತ್ತದೆ ಹೇಳಿ.

"ಅದಕ್ಯಾಕವ್ವ ಅಂಗೆ ತಲೆ ಚಚ್ಕತೀಯ, ವಸಿ ಬಿಸ್ಲಿಗೆ ಮಡಗು" ಎಂದರು ಅತ್ತೆ. ಆ ಚಳಿಗಾಲವೆಲ್ಲ ನನ್ನ ಕಂಪ್ಯೂಟರು ಬೆಳಗಿನ ಹೊತ್ತು ಅಂಗಳದಲ್ಲಿ ಹಪ್ಪಳದ ಪಕ್ಕ ಬಿಸಿಲು ಕಾಯಿಸಿಕೊಂಡಿತು. ದಾರಿಯಲ್ಲಿ ಹೋಗುವವರು ನಿಂತು, "ಏನವ್ವ, ಇದ್ನೂ ಒಣಾಕಿದೀಯಾ? ಯಾವಾಗ ಸುಲೀತೀಯ?" ಎಂದು ಹಾಸ್ಯ ಮಾಡುತ್ತಿದ್ದರು. ನಗು ಬರುತ್ತಿತ್ತು, ಅಳುವೂ ಬರುತ್ತಿತ್ತು.

ಆ ತಿಂಗಳುಗಳಲ್ಲಿ ಮಾವನನ್ನು ಕರೆಯಲು ಬರುವವರು ಕಡಿಮೆಯಾದರು. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಬಂದವರಿಗೂ ಮಾವ ಈಗ "ಇಳ್ಸು" ಅನ್ನುತ್ತಲೇ ಇರಲಿಲ್ಲ. ಯಾವ ಕಾಯಿ ಕೊಟ್ಟರೂ ಬಹಳ ಹೊತ್ತು ಅಲ್ಲಾಡಿಸಿ, ನನ್ನ ಕೋಣೆಯ ಕಡೆ ಒಮ್ಮೆ ನೋಡಿ, "ಇನ್ನೊಂದಷ್ಟು ದಿನ ಬುಡು" ಎನ್ನುವರು. ಬಿಟ್ಟರೆ ಕೆಡುವುದಿಲ್ಲವಲ್ಲ, ಅದಕ್ಕೆ. ಬಂದವರು ಹೋದ ಮೇಲೂ ಜಗುಲಿಯ ಮೇಲೆ ಹಾಗೇ ಕೂತಿರುವರು. ಅವರನ್ನು ನೋಡಿದರೆ ನನಗೆ ಅಯ್ಯೋ ಪಾಪ ಅನ್ನಿಸುತ್ತಿತ್ತು. ಮರುಕ್ಷಣವೇ, ಎಲ್ಲಾ ನನ್ನ ತಲೆಗೆ ಕಟ್ಟಿದರಲ್ಲ ಎಂದು ಹಲ್ಲು ಕಚ್ಚುತ್ತಿದ್ದೆ. ಈ ಎರಡರ ನಡುವೆ ಒಂದು ದಿನವೂ ನನಗೆ ನೆಮ್ಮದಿಯಿರಲಿಲ್ಲ.

ಕೊನೆಗೆ ನನ್ನ ಗಂಡ ಗುಜರಿಯವನ ಹತ್ತಿರ ಹುಡುಕಿ ದೊಡ್ಡದೊಂದು ಫ್ಯಾನು ತಂದರು. ದೊಡ್ಡ ರೆಕ್ಕೆಯದು ನಿಧಾನವಾಗಿ ತಿರುಗಿದರೂ ಅಷ್ಟೇ ಗಾಳಿ ಕೊಡುತ್ತದೆ, ಅಷ್ಟು ಅರಚುವುದಿಲ್ಲ ಎಂದು ಅಷ್ಟು ಹೊತ್ತಿಗೆ ನನಗೆ ಪೆಟ್ಟು ತಿಂದು ತಿಂದೇ ತಿಳಿದಿತ್ತು. ಡಬ್ಬದ ಹಿಂಭಾಗವನ್ನು ಕತ್ತರಿಸಿ, ಟ್ಯೂಬಿನ ಪಟ್ಟಿಯಲ್ಲಿ ಫ್ಯಾನನ್ನು ತೂಗಿಬಿಟ್ಟೆವು. ಈ ಸಲ ನಿಜವಾದ ಮಿಷಿನ್ ಎಣ್ಣೆ. ಹೊಟ್ಟೆಯೊಳಗಿನ ಸಣ್ಣ ಫ್ಯಾನಿಗೂ ಅದೇ. ನೋಡಲು ಡಬ್ಬ ಆಪರೇಷನ್ ಆದವರ ಹಾಗಿತ್ತು. ಆದರೆ ಸ್ವಿಚ್ಚು ಒತ್ತಿದಾಗ ನಾನೇ ಬೆಚ್ಚಿದೆ. ಸದ್ದೇ ಇಲ್ಲ. ಹಸಿರು ದೀಪ ಉರಿಯದಿದ್ದರೆ ಓಡುತ್ತಿದೆ ಎಂದು ಗೊತ್ತಾಗುವ ಹಾಗಿರಲಿಲ್ಲ. ಅತ್ತೆ ಬಂದು ಬಗ್ಗಿ ಕಿವಿಯಿಟ್ಟು, "ಏನು, ಸತ್ತೋಯ್ತಾ?" ಎಂದರು. ನಾನೂ ನನ್ನ ಗಂಡನೂ ಮಕ್ಕಳ ಹಾಗೆ ನಕ್ಕೆವು.

ಆಗ ಪಡಸಾಲೆಯಿಂದ ಮಾವ ಕೂಗಿದರು: "ಇನ್ನೂ ಗುಂಯ್ ಅಂತೈತಲ್ಲವ್ವ."

ನನಗೆ ನೆತ್ತಿಗೇರಿತು. ಹಠಕ್ಕೆ ಹೇಳುತ್ತಿದ್ದಾರೆ, ಇಷ್ಟೆಲ್ಲ ಮಾಡಿದರೂ ನನ್ನನ್ನು ಗೆಲ್ಲಲು ಬಿಡಬಾರದೆಂದು ಹೇಳುತ್ತಿದ್ದಾರೆ ಎಂದುಕೊಂಡೆ. ಆ ದಿನ ಊಟಕ್ಕೆ ಬಡಿಸುವಾಗ ಮಾವನಿಗೆ ಮುದ್ದೆಯನ್ನು ತಟ್ಟೆಗೆ ಧೊಪ್ಪನೆ ಹಾಕಿದೆ. ಅವರು ಒಮ್ಮೆ ತಲೆಯೆತ್ತಿ ನೋಡಿ, ಮುದ್ದೆ ಮುರಿದುಕೊಂಡು ಉಂಡರು.

ಬೇಸಿಗೆ ಬಂತು, ಕರೆಂಟು ತೆಗೆಯುವ ಕಾಲವೂ ಬಂತು. ಒಂದು ದಿನ ಬೆಳಗ್ಗೆಯೇ ಹೋದ ಕರೆಂಟು ಮಧ್ಯಾಹ್ನವಾದರೂ ಬಂದಿರಲಿಲ್ಲ. ನಾನು ಕೋಣೆಯಲ್ಲಿ ಸುಮ್ಮನೆ ಕಾಗದ ಜೋಡಿಸಿಕೊಂಡು ಕೂತಿದ್ದೆ. ದಂಡಿನಶಿವರದಿಂದ ಒಬ್ಬರು ಬಂದರು. ಮಗಳ ಮದುವೆ ಗೊತ್ತಾಗಿತ್ತು, ಪತ್ರಿಕೆಯ ಒಕ್ಕಣೆ ನನಗೆ ಕೊಟ್ಟು, ಚೀಲದಲ್ಲಿದ್ದ ಕಾಯಿಗಳನ್ನು ಮಾವನ ಮುಂದಿಟ್ಟರು. "ಮದುವೆ ಖರ್ಚಿಗೆ ಈ ಅಟ್ಟಾನೇ ನಂಬ್ಕಂಡಿದೀನಿ ಕಣಣ್ಣ. ಇಳಿಸ್ಬೋದಾ ನೋಡು" ಎಂದು ಹೇಳಿ, ಸೆಕೆಗೆ ಟವೆಲ್ಲಿನಿಂದ ಗಾಳಿ ಬೀಸಿಕೊಂಡು ಕೂತರು. ಪರದೆ ಸರಿದಿತ್ತು, ನನಗೆ ಎಲ್ಲವೂ ಕಾಣುತ್ತಿತ್ತು.

ಮಾವ ಒಂದು ಕಾಯಿ ಎತ್ತಿಕೊಂಡು ಕಣ್ಣು ಮುಚ್ಚಿ ಅಲ್ಲಾಡಿಸಿದರು. ಇನ್ನೊಂದು ಸಲ. ಬಲಗಿವಿಯಿಂದ ಎಡಗಿವಿಗೆ ತಂದರು. ನನಗೆ ಕೂತಲ್ಲಿಗೇ ಒಳಗಿನ ಲೊಟಲೊಟ ಕೇಳಿಸಿತು. ಮಾವ ಹುಬ್ಬು ಗಂಟಿಕ್ಕಿ, ಕಣ್ಣು ತೆರೆಯದೆಯೇ ಕೂಗಿದರು.

"ಅದ್ನ ಒಂದು ಗಳಿಗೆ ನಿಲ್ಸವ್ವ! ಏನೂ ಕೇಳಾಕಿಲ್ಲ ಅಂತೀನಲ್ಲ!"

ಬಂದವರ ಟವೆಲ್ಲು ಅರ್ಧದಲ್ಲೇ ನಿಂತಿತು. ಅವರು ನನ್ನ ಕಡೆ ನೋಡಿದರು, ಆಮೇಲೆ ಅಟ್ಟದ ತೊಲೆಗೆ ನೇತುಬಿದ್ದು ಅಲುಗದೆ ನಿಂತಿದ್ದ ಫ್ಯಾನಿನ ಕಡೆ ನೋಡಿದರು. ನನ್ನ ಮುಂದೆ ಮಾನಿಟರು ಕಪ್ಪಗೆ ಕೂತಿತ್ತು. ಇಡೀ ಊರಿನಲ್ಲಿ ಒಂದು ಮೋಟರು ಓಡುತ್ತಿರಲಿಲ್ಲ, ಒಂದು ರೇಡಿಯೋ ಹಾಡುತ್ತಿರಲಿಲ್ಲ. ಗೆದ್ದೆ ಎಂದು ನನಗೆ ಅನ್ನಿಸಬೇಕಿತ್ತು. ವರ್ಷವೆಲ್ಲ ಕಾದಿದ್ದು ಅದಕ್ಕೇ ತಾನೆ? ಆದರೆ ಹಾಗನ್ನಿಸಲಿಲ್ಲ.

"ಆಯ್ತು ಮಾವ, ಆರಿಸ್ದೆ" ಎಂದೆ. ಎಂದು, ಅವರಿಗೆ ಕೇಳಿಸುವ ಹಾಗೆ ಸ್ವಿಚ್ಚನ್ನು ಟಕ್ಕನೆ ಒತ್ತಿದೆ.

ಮಾವ ಮತ್ತೆ ಅಲ್ಲಾಡಿಸಿದರು. ನಿಧಾನವಾಗಿ ಕಣ್ಣು ಬಿಟ್ಟು, ಕಾಯಿಯನ್ನು ಚೀಲದೊಳಗಿಟ್ಟು, "ಇನ್ನೊಂದಷ್ಟು ದಿನ ಬುಡಪ್ಪ" ಎಂದರು. ಬಂದವರು ಏನೂ ವಾದಿಸಲಿಲ್ಲ. "ಆಗ್ಲಿ ಕಣಣ್ಣ, ನೀನು ಹೇಳ್ದಂಗೆ" ಎಂದು ಚೀಲ ಹೆಗಲಿಗೇರಿಸಿ ಮಾವನ ಕಾಲು ಮುಟ್ಟಿ ಹೋದರು. ಅವರು ಬೇಕಾದಾಗ ಇಳಿಸಿಕೊಳ್ಳುತ್ತಾರೆ, ಇನ್ನು ಕಾಯಿ ಕೇಳಿಸಲು ಇಲ್ಲಿಗೆ ಬರುವುದಿಲ್ಲ ಎಂದು ಅವರ ನಡಿಗೆಯಲ್ಲೇ ನನಗೆ ಗೊತ್ತಾಯಿತು.

ಅವರು ಹೋದ ಮೇಲೆ ಮಾವ ಎದ್ದು ನನ್ನ ಕೋಣೆಗೆ ಬಂದರು. ಕಂಪ್ಯೂಟರು ಬಂದಾಗಿನಿಂದ ಅವರು ಆ ಕೋಣೆಯೊಳಗೆ ಕಾಲಿಟ್ಟಿದ್ದು ಅದೇ ಮೊದಲು. ಮೇಜಿನ ಹತ್ತಿರ ನಿಂತು, ಎಮ್ಮೆಯ ಮೈ ಸವರುವ ಹಾಗೆ ಡಬ್ಬದ ಮೇಲೆ ಅಂಗೈಯಿಟ್ಟರು. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದರು.

"ತಣ್ಣಗೈತೆ" ಎಂದರು.

ನಾನು ಕಾಗದಗಳನ್ನು ಮತ್ತೆ ಜೋಡಿಸತೊಡಗಿದೆ.

"ಕರೆಂಟು ಯಾವಾಗ ಹೋಯ್ತವ್ವ?"

ಸುಳ್ಳು ಹೇಳಬೇಕೆಂದಿದ್ದೆ, ನಾಲಿಗೆ ಏಳಲಿಲ್ಲ. "ಬೆಳಗ್ಗೇನೇ ಹೋಯ್ತು ಮಾವ" ಎಂದೆ.

ಮಾವ ತಲೆಯಾಡಿಸಿದರು. ಕಾಯಿ ಕೇಳುವವರ ಹಾಗೆಯೇ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಂತರು. "ಈಗ್ಲೂ ಕೇಳ್ತೈತೆ" ಎಂದರು. "ಹಂಗಾರೆ ಈ ಸದ್ದು ನಂದೇ ಕಣವ್ವ."

ನನಗೆ ಅಳು ಉಕ್ಕಿ ಬಂತು. ಮುದ್ದೆ ಧೊಪ್ಪನೆ ಹಾಕಿದ ಕೈ ಇದೇ ಅಲ್ಲವೇ ಎಂದು ಆ ಕೈಯನ್ನೇ ನೋಡಿಕೊಂಡೆ. "ತುಮಕೂರ್ನಾಗೆ ಕಿವಿ ಡಾಕ್ಟ್ರವ್ರೆ ಮಾವ, ತೋರ್ಸಾನ" ಎಂದೆ. "ತೋರ್ಸಾನ ಬುಡು" ಎಂದರು, ಮನಸ್ಸು ಅಲ್ಲಿರಲಿಲ್ಲ. ಆಮೇಲೆ ನನ್ನ ಕುರ್ಚಿಯ ಮೇಲೆ ಕೂತು, ತಗ್ಗಿದ ದನಿಯಲ್ಲಿ, "ಇನ್ಮ್ಯಾಕೆ ನಾನು ಕೇಳಾಕೋಗಾಕಿಲ್ಲ. ಯಾರ್ ಮನೆ ಕೊಬ್ರೀನೂ ಕೆಡ್ಸಾಕಿಲ್ಲ. ಆದ್ರೆ ಬಂದೋರ್ಗೆ ಏನಂತ ಹೇಳ್ಲವ್ವ? ವಯಸ್ಸಾಯ್ತು, ಕಿವುಡ ಆದೆ ಅಂತ ಹೇಳಾಕೆ ಬಾಯೇ ಬರಾಕಿಲ್ಲ" ಎಂದರು.

"ನನ್ನ ಕಂಪ್ಯೂಟರಿಂದ ಅಂತ್ಲೇ ಹೇಳಿ ಮಾವ" ಎಂದೆ.

ಅವರು ನನ್ನ ಮುಖ ನೋಡಲಿಲ್ಲ. ಎದ್ದು ಹೋಗಿ ತಮ್ಮ ಜಾಗದಲ್ಲಿ ಕೂತರು.

ಸಂಜೆ ಅತ್ತೆ ಡೇರಿಗೆ ಹಾಲು ಹಾಕಿ ಬಂದವರೇ ತಂಬಿಗೆ ಕುಕ್ಕಿದರು. ಬಸ್ ಸ್ಟಾಪಿನ ಹತ್ತಿರ ಇನ್ನೂ ಬಸ್ಸಿಗೆ ಕಾಯುತ್ತಿದ್ದ ದಂಡಿನಶಿವರದವರು ಸಿಕ್ಕಿದ್ದರಂತೆ. ಮಾವ ಕಾಫಿ ಕುಡಿಯುತ್ತಿದ್ದರು. ಅತ್ತೆ ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಕೇಳಿದರು.

"ಏನಂತೆ? ಮಿಷಿನ್ ಸದ್ದಿಗೆ ಕಾಯೇ ಕೇಳ್ನಿಲ್ಲ ಅಂದ್ರಂತೆ? ಕರೆಂಟೇ ಇರ್ನಿಲ್ವಲ್ಲ ಅಂತಾವ್ನೆ ಆವಯ್ಯ!"

ಮಾವನ ಕೈಯಲ್ಲಿನ ಲೋಟ ಬಾಯಿಯ ಹತ್ತಿರ ಹೋಗದೆ ನಿಂತಿತು. ಆ ಡಬ್ಬವನ್ನು ಸದ್ದಿಲ್ಲದಂತೆ ಮಾಡಲು ಪಟ್ಟ ಪಾಡೆಲ್ಲ ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಅದ್ರೊಳಗೆ ಬ್ಯಾಟ್ರಿ ಐತೆ ಅತ್ತೆ. ಕರೆಂಟು ಹೋದ್ರೂ ಓಡ್ತಾನೇ ಇರ್ತದೆ. ಆವಯ್ಯಂಗೇನು ಗೊತ್ತು" ಎಂದೆ. ಬ್ಯಾಟರಿ ಎಂಬುದು ಆ ಮನೆಯಲ್ಲಿ ಟಾರ್ಚಿನೊಳಗೆ ಬಿಟ್ಟು ಬೇರೆಲ್ಲೂ ಇರಲಿಲ್ಲ.

"ಅಂದ್ರೆ ಕರೆಂಟು ಹೋದ್ರೂ ಈ ಪ್ರಾಣಿಗೆ ಅದ್ರ ಕಾಟ ತಪ್ಪಾಕಿಲ್ಲ ಅನ್ನು!" ಎಂದು ಅತ್ತೆ ಮಾವನ ಕಡೆ ಕೈ ತೋರಿಸಿ ನನ್ನ ಮೇಲೆ ಹರಿಹಾಯ್ದರು.

"ಇಲ್ಲ ಅತ್ತೆ" ಎಂದೆ, "ತಪ್ಪಾಕಿಲ್ಲ."